ಚುಕ್ಕಿಗೆ ಹೇಳಿದ ಮಾತುಗಳು

ಜೆರಾಕ್ಸ್ ಯಂತ್ರದಿಂದ ಆಗ ತಾನೇ ಹೊರಬಂದ ಕಾಗದಕ್ಕೆ ಒಂದು ವಾಸನೆ ಇರುತ್ತದೆ. ಇಸ್ತ್ರಿಯ ಬಟ್ಟೆಯದ್ದೂ ಅಲ್ಲ, ಸುಟ್ಟ ರಬ್ಬರಿನದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ಮಾಲೂರಿನ ನಮ್ಮ ಕಾಲೇಜಿನಲ್ಲಿ ಊಟದ ಡಬ್ಬಿಯನ್ನು ಚೀಲಕ್ಕೆ ತುರುಕಿ, ಕೋಲಾರದ ಬಸ್ಸಿಗೆ ಹೊರಡುವ ಆತುರದಲ್ಲಿದ್ದಾಗ ಆ ವಾಸನೆ ಬಂತು. ತಲೆಯೆತ್ತಿದರೆ ಎಂ.ಎ. ಕೊನೆಯ ವರ್ಷದ ಭವ್ಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇನ್ನೂ ಬಿಸಿ ಆರದ ಹಾಳೆ.

"ಮೇಡಂ, ಸಂಪ್ರಬಂಧಕ್ಕೆ ಟಾಪಿಕ್ ತಂದಿದೀನಿ. ಯಾವ್ದಾದ್ರೂ ಒಂದಕ್ಕೆ ಸೈನ್ ಹಾಕ್ಬಿಡಿ."

ಸಂಪ್ರಬಂಧವೆಂದರೆ ನಮ್ಮ ಹುಡುಗ ಹುಡುಗಿಯರು ಡಿಗ್ರಿ ಕೈಗೆ ಬರುವ ಮೊದಲು ಒಂದು ವಿಷಯ ಹಿಡಿದು ಸಂಶೋಧನೆ ಮಾಡಿ, ಉದ್ದಕ್ಕೆ ಬರೆದು, ಬೈಂಡ್ ಮಾಡಿಸಿ ಕೊಡಬೇಕಾದ ಬರಹ. ಬರೆಯುವುದು ಅಷ್ಟು ಕಷ್ಟವಲ್ಲ. ಏನು ಬರೆಯಬೇಕೆಂದು ಗೊತ್ತು ಮಾಡಿಕೊಳ್ಳುವುದರಲ್ಲೇ ಅರ್ಧ ಪ್ರಾಣ ಹೋಗುತ್ತದೆ. ಭವ್ಯಳ ಹಾಳೆಯ ಮೇಲೆ ಮೊದಲು ಇದ್ದದ್ದು: 'ಕನ್ನಡ ಸಾಹಿತ್ಯದಲ್ಲಿ ಮಾನವೀಯ ಮೌಲ್ಯಗಳು.' ನನಗೆ ನಗು ತಡೆಯಲಾಗಲಿಲ್ಲ. ಅವಳನ್ನು ಕಂಡು ಬಂದ ನಗು ಅಲ್ಲ ಅದು. ಇದೇ ವಿಷಯವನ್ನು, ಹೆಚ್ಚುಕಡಿಮೆ ಇದೇ ಅಕ್ಷರಗಳಲ್ಲಿ, ನಾನೂ ಒಮ್ಮೆ ಹೊತ್ತುಕೊಂಡು ಹೋಗಿದ್ದೆ.

ನಾನಾಗ ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದೆ. ನನ್ನ ಮಾರ್ಗದರ್ಶಕರು ಸುಭದ್ರಾ ಮೇಡಂ. ಕುಳ್ಳಗಿನ ಹೆಂಗಸು, ದಪ್ಪ ಕನ್ನಡಕ. ಪಾಠ ಮಾಡುವಾಗ ಒಂದು ಸೌತೆಕಾಯಿಯನ್ನು ಮೇಜಿನ ಮೇಲೆ ಇಟ್ಟುಕೊಂಡಿರುತ್ತಿದ್ದರು. ಗಂಟೆ ಹೊಡೆದ ಕೂಡಲೇ ಅದನ್ನು ಕಚ್ಚಿ ತಿನ್ನುತ್ತಾ ಹೊರಡುತ್ತಿದ್ದರು. ನಾನು ಮಾನವೀಯ ಮೌಲ್ಯಗಳ ಹಾಳೆಯನ್ನು ಕೊಟ್ಟಾಗ ಓದಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಕೇಳಿದರು: "ಇದನ್ನ ಬರೆಯೋಕೆ ಎಷ್ಟು ಜನ್ಮ ತಗೊಂಡು ಬರ್ತೀಯಮ್ಮ?"

ಮಾರನೆಯ ವಾರ ಆವನಿಯ ದೇವಸ್ಥಾನವನ್ನು ಹೊತ್ತುಕೊಂಡು ಹೋದೆ. ನಮ್ಮ ತಾಲ್ಲೂಕಿನದೇ ಊರು, ಹಳೆಯ ಗುಡಿ, ಕಲ್ಲಿನ ಕೆತ್ತನೆ, ಇದಕ್ಕಿಂತ ಇನ್ನೇನು ಬೇಕು? ಮೇಡಂ ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋಗಿ, ಕಪಾಟಿನ ಕೆಳಗಿನ ಸಾಲಿನಿಂದ ಅದೇ ಹೆಸರಿನ ಸಂಪ್ರಬಂಧಗಳನ್ನು ಒಂದೊಂದಾಗಿ ತೆಗೆದು ನನ್ನ ತೋಳಿನ ಮೇಲೆ ಪೇರಿಸಿದರು. "ಮೊದಲನೇದರಲ್ಲಿರೋ ತಪ್ಪನ್ನ ಕೊನೇದರ ತನಕ ನಿಯತ್ತಾಗಿ ಕಾಪಾಡ್ಕೊಂಡು ಬಂದಿದಾರೆ ನೋಡು. ನೀನೂ ಸೇರ್ತೀಯಾ?"

ನನ್ನ ಹೊಟ್ಟೆ ಉರಿಸಲು ರಜಿಯಾ ಬೇರೆ ಇದ್ದಳು. ಶ್ರೀನಿವಾಸಪುರದವಳು, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ. ಅವಳು ಮೊದಲ ದಿನವೇ 'ಮಾವಿನ ತಳಿಗಳ ಹೆಸರುಗಳು' ಎಂದು ಬರೆದುಕೊಟ್ಟು ಕೈತೊಳೆದುಕೊಂಡಿದ್ದಳು. ಮೇಡಂ ಅಲ್ಲೇ ಒಪ್ಪಿಬಿಟ್ಟರು. ಬಾದಾಮಿಗೆ ಬಾದಾಮಿ ಎಂಬ ಹೆಸರು ಹೇಗೆ ಬಂತು, ರಾಜಗೀರ ಅನ್ನುವುದು ಯಾವ ಭಾಷೆ ಎಂದು ಕೇಳಿಕೊಂಡು ಅವಳು ಮಂಡಿಯಿಂದ ಮಂಡಿಗೆ, ತೋಟದಿಂದ ತೋಟಕ್ಕೆ ಹೋಗುತ್ತಿದ್ದಳು. ಕೇಳಿದವರೆಲ್ಲ ಉತ್ತರದ ಜೊತೆ ಒಂದು ಹಣ್ಣನ್ನೂ ಕೊಡುತ್ತಿದ್ದರು. ಸಂಶೋಧನೆಯಿಂದ ಮೈ ತುಂಬಿಕೊಂಡ ವಿದ್ಯಾರ್ಥಿನಿಯನ್ನು ನಾನು ಅವಳನ್ನು ಬಿಟ್ಟರೆ ಮತ್ತೊಬ್ಬಳನ್ನು ಕಂಡಿಲ್ಲ. "ನಿಂಗೂ ಒಂದು ಸಿಗುತ್ತೆ ಬಿಡೇ," ಎಂದು ತೋತಾಪುರಿಗೆ ಉಪ್ಪು ಖಾರ ಹಚ್ಚಿ ನನ್ನ ಕೈಗಿಡುತ್ತಿದ್ದಳು. ಹುಳಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಹುಳಿಗೇ ಬಂತೆಂದು ನಾನೂ ನಂಬಿಕೊಂಡಿದ್ದೆ.

ಕೊನೆಗೊಂದು ಶುಕ್ರವಾರ ಮೇಡಂ ಕರೆದು ಹೇಳಿದರು: "ಎಲ್ಲರದ್ದೂ ಆಯ್ತು, ನೀನೊಬ್ಬಳೇ ಉಳಿದಿರೋದು. ಸೋಮವಾರದ ಒಳಗೆ ತರದಿದ್ರೆ ನಾನೇ ಒಂದು ಸಪ್ಪೆ ಟಾಪಿಕ್ ಕೊಡ್ತೀನಿ. ವರ್ಷವೆಲ್ಲಾ ಅದನ್ನೇ ಅಗೀತಾ ಇರಬೇಕು ನೋಡು." ಹೊರಗೆ ಬರುವಾಗ ಮತ್ತೆ ಕೂಗಿದರು. "ಊರಿಗೆ ಬಸ್ಸಲ್ಲಿ ತಾನೆ ಹೋಗೋದು? ಪಕ್ಕದಲ್ಲಿ ಕೂತೋರಿಗೆ ನಿನ್ನ ಟಾಪಿಕ್ ಹೇಳು. ಅವರು ನಿದ್ದೆ ಹೋದರೆ ಬಿಟ್ಟುಬಿಡು."

ನನ್ನ ಊರು ನಂಗಲಿಯ ಹತ್ತಿರ. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. ಕೋಲಾರದಲ್ಲಿ ಬಸ್ಸು ಹತ್ತಿದಾಗ ನನ್ನ ಪಕ್ಕದಲ್ಲಿ ಕೂತವರು ದೇವರಾಯಸಮುದ್ರದಲ್ಲಿ ಇಳಿಯಬೇಕಿದ್ದ ಒಬ್ಬ ಹೆಂಗಸು, ಮಡಿಲಲ್ಲಿ ಸೊಪ್ಪಿನ ಚೀಲ. "ಏನ್ ಓದ್ತಿದೀಯಮ್ಮ?" ಎಂದು ಅವರೇ ಕೇಳಿದರು. ಸಿಕ್ಕಿತು ಸಮಯವೆಂದು ನಾನು ಅವರೂರಿನ ಹಳೆಯ ಕೆರೆಯ ಬಗ್ಗೆ ಬರೆಯುವ ಯೋಚನೆಯಿದೆಯೆಂದು ಹೇಳತೊಡಗಿದೆ. ಕೆರೆಯ ಏರಿಯವರೆಗೂ ಬಂದಿರಲಿಲ್ಲ, ಅವರ ತಲೆ ನನ್ನ ಭುಜದ ಮೇಲೆ ವಾಲಿತ್ತು.

ಬೇಜಾರಾಗಿ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಬಸ್ಸು ಕುಲುಕಿ ಅವರಿಗೆ ಎಚ್ಚರವಾಯಿತು. ಮುಖ ಯಾಕೆ ಸಪ್ಪಗಿದೆ ಎಂದು ಕೇಳಿದರು. ವಿಷಯ ಸಿಗದ ಸಂಕಟ ಹೇಳಿಕೊಳ್ಳಲು ನಾಚಿಕೆಯಾಗಿ ಬೇರೇನೋ ಹೇಳಿದೆ. "ಮನೆಗೆ ಹೋಗೋಕೇ ಬೇಜಾರು ಅಕ್ಕ. ಅಮ್ಮ ಅಜ್ಜಿ ಮಾತಾಡೋದು ಬಿಟ್ಟಿದಾರೆ. ಏನಿದ್ರೂ ಹಸೂಗೆ ಹೇಳ್ತಾರೆ."

"ಹಸೂಗಾ?" ಎಂದು ಅವರು ನೆಟ್ಟಗೆ ಕೂತರು.

ನಿಮಗೂ ಸ್ವಲ್ಪ ವಿವರಿಸಿಬಿಡುತ್ತೇನೆ. ನಮ್ಮಜ್ಜಿ, ಅಪ್ಪನ ತಾಯಿ, ಗಡಿಯಾಚೆಯಿಂದ ಮದುವೆಯಾಗಿ ಬಂದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಬಾಯಿಂದ ಬರುವುದು ತೆಲುಗು. ಅಮ್ಮ ಮಾಲೂರಿನ ಕಡೆಯವಳು. ಈಗ ತೆಲುಗು ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಕನ್ನಡ. ಹೊಸದಾಗಿ ಮದುವೆಯಾಗಿ ಬಂದಾಗ ಅರ್ಥವೂ ಆಗುತ್ತಿರಲಿಲ್ಲವಂತೆ. ಮೊದಲ ದಿನ ಅಜ್ಜಿಗೆ ಸಾರು ಬಡಿಸುವಾಗ ಅಜ್ಜಿ "ಚಾಲು ಚಾಲು" ಎಂದಳು. ತೆಲುಗಿನಲ್ಲಿ ಅದು 'ಸಾಕು'. ಮೋಟಾರು ಚಾಲು ಮಾಡುವುದನ್ನಷ್ಟೇ ಕೇಳಿದ್ದ ಅಮ್ಮ, ಮುಂದುವರಿಸು ಅನ್ನುತ್ತಿದ್ದಾರೆಂದು ತಿಳಿದು ಸಾರು ತಟ್ಟೆಯ ಅಂಚು ದಾಟುವವರೆಗೂ ಸುರಿದಳಂತೆ. ಅಷ್ಟಾದರೂ ಇಬ್ಬರೂ ಎಷ್ಟೋ ವರ್ಷ ಚೆನ್ನಾಗಿಯೇ ಇದ್ದರು. ಕೆಟ್ಟದ್ದು ನುಗ್ಗೆ ಮರದಿಂದ. ಅಜ್ಜಿ ನೆಟ್ಟ ಮರ. ಕಂಬಳಿಹುಳ ಒಣಹಾಕಿದ ಬಟ್ಟೆಯ ಮೇಲೆ ಉದುರುತ್ತವೆಂದು ಅಮ್ಮ ಅದರ ದೊಡ್ಡ ಕೊಂಬೆಯನ್ನು ಕಡಿಸಿದಳು, ಕೇಳದೆ. ಅಂದಿನಿಂದ ಮಾತಿಲ್ಲ.

ಆದರೆ ಒಂದೇ ಮನೆಯಲ್ಲಿ ಮಾತಿಲ್ಲದೆ ಎಷ್ಟು ದಿನ ಇರಲಾಗುತ್ತದೆ? ಮಧ್ಯೆ ಸಿಕ್ಕಿಬಿದ್ದದ್ದು ಕೊಟ್ಟಿಗೆಯ ಹಸು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದುದರಿಂದ ಅಮ್ಮ ಅದನ್ನು ಚುಕ್ಕಿ ಎನ್ನುತ್ತಿದ್ದಳು, ಅಜ್ಜಿ ಚುಕ್ಕಾ ಎನ್ನುತ್ತಿದ್ದಳು. ಎರಡಕ್ಕೂ ಅದು ಕಿವಿ ಅಲ್ಲಾಡಿಸುತ್ತಿತ್ತು. ಬೆಳಿಗ್ಗೆ ಅಜ್ಜಿ ಜಗಲಿಯಿಂದಲೇ ಶುರುಮಾಡುವಳು: "ಏಮೇ ಚುಕ್ಕಾ, ಈ ಇಂಟ್ಲೋ ಮುಸಲ್ದಾನಿಕಿ ಕಾಫೀ ಇಚ್ಚೇವಾಳ್ಳು ಎವುರೂ ಲೇರಾ?" ಮುದುಕಿಗೆ ಕಾಫಿ ಕೊಡುವವರು ಯಾರೂ ಇಲ್ಲವೇ ಎಂದು. ಅಡುಗೆಮನೆಯ ಕಿಟಕಿಯಿಂದ ಅಮ್ಮ: "ಚುಕ್ಕಿ, ಹಾಲು ಒಲೆ ಮೇಲಿದೆ. ಉಕ್ಕೋ ತನಕ ತಡ್ಕೊಳ್ಳೋಕೆ ಹೇಳು." ಚುಕ್ಕಿ ಯಾವುದನ್ನೂ ಯಾರಿಗೂ ತಲುಪಿಸದೆ ಮೆಲುಕು ಹಾಕುತ್ತಿತ್ತು. ಆದರೂ ಎಲ್ಲವೂ ತಲುಪುತ್ತಿತ್ತು.

ಇದನ್ನೆಲ್ಲ ಹೇಳುತ್ತಿದ್ದರೆ ಮುಂದಿನ ಸೀಟಿನವರೂ ತಿರುಗಿ ಕೂತರು. ಪಕ್ಕದ ಹೆಂಗಸು ನಗುತ್ತಾ ತಮ್ಮ ಭಾವನ ಕಥೆ ಹೇಳಿದರು. ಅವರು ಹೆಂಡತಿಯ ಮೇಲಿನ ಸಿಟ್ಟನ್ನೆಲ್ಲ ಎತ್ತುಗಳ ಮೇಲೆ ತೆಲುಗಿನಲ್ಲೇ ತೀರಿಸಿಕೊಳ್ಳುತ್ತಾರಂತೆ. ಮನುಷ್ಯರ ಹತ್ತಿರ ಮಾತ್ರ ಅಪ್ಪಟ ಕನ್ನಡವಂತೆ. ಮುಂದಿನ ಸೀಟಿನವರೊಬ್ಬರು, ನಂಗಲಿಯಲ್ಲಿ ಟೀ ಅಂಗಡಿ ಇಟ್ಟವರು, "ನಾನೂ ಅಷ್ಟೇ ಕಣಮ್ಮ. ಲಾರಿಯವರ ಹತ್ರ ಅವರವರ ಭಾಷೆ ಮಾತಾಡ್ತೀನಿ. ನಾಯಿಗೆ ಮಾತ್ರ ನಮ್ಮಮ್ಮನ ಭಾಷೆ," ಎಂದರು. ಅಷ್ಟರಲ್ಲಿ ಕಂಡಕ್ಟರು ಕೂಗಿದ: "ದೇವರಾಯಸಮುದ್ರ ಇಳಿಯೋರು ಇನ್ನೂ ಇಳಿದಿಲ್ವಾ? ಊರು ದಾಟಿ ಆಯ್ತು."

ಆ ಹೆಂಗಸು ಕಿಟಕಿಯ ಹೊರಗೊಮ್ಮೆ ನೋಡಿ ಚೀಲವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. "ಪರವಾಗಿಲ್ಲ, ಮುಳಬಾಗಿಲಲ್ಲಿ ಇಳ್ಕೊಂಡು ವಾಪಸ್ ಬರ್ತೀನಿ. ನೀನು ಹೇಳು, ಹಸು ಆಮೇಲೆ ಏನ್ ಮಾಡ್ತು?"

ಬಸ್ಸಿನಲ್ಲೇ ನನ್ನ ಪ್ರಶ್ನೆ ಸಿಕ್ಕಿತು. ಎರಡು ಭಾಷೆಯ ಮನೆಗಳಲ್ಲಿ ಜನ ಪ್ರಾಣಿಗಳ ಜೊತೆ ಯಾವ ಭಾಷೆ ಆಡುತ್ತಾರೆ, ಯಾಕೆ ಆಡುತ್ತಾರೆ? ಇದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಅಷ್ಟು ಖುಷಿ ಕೊಟ್ಟದ್ದು ಅದೇ ಮೊದಲು.

ಸೋಮವಾರ ಹೇಳಿದಾಗ ಸುಭದ್ರಾ ಮೇಡಂ ಗಂಟೆ ಹೊಡೆದಿದ್ದರೂ ಸೌತೆಕಾಯಿ ಮುಟ್ಟಲಿಲ್ಲ. ಪೂರ್ತಿ ಕೇಳಿದರು. ಆಮೇಲೆ ಒಂದು ಷರತ್ತು ಹಾಕಿದರು. "ಇದು ನಿಮ್ಮನೆ ಒಳಗಿನ ಮಾತು. ನಿಮ್ಮಮ್ಮ ಅಜ್ಜಿ ಇಬ್ರೂ ಒಪ್ಪಬೇಕು. ಒಬ್ಬೊಬ್ಬರನ್ನ ಬೇರೆ ಬೇರೆ ಕೇಳಿ ಒಪ್ಪಿಸ್ಕೊಂಡು ಬರೋದಲ್ಲ. ಇಬ್ಬರನ್ನೂ ಕೂರಿಸ್ಕೊಂಡು, ಬರೆದಿದ್ದನ್ನ ಓದಿ ಹೇಳಿ, ಆಮೇಲೆ ಕೇಳು. ಒಪ್ಪದಿದ್ರೆ ಬಿಟ್ಟುಬಿಡು."

ಆ ವಾರವೆಲ್ಲ ನನಗೆ ನೆನಪಿದ್ದ ಮಾತುಗಳನ್ನು ಬರೆದೆ. ಕೇಳಿಕೆಗಳು, ದೂರುಗಳು, ಬೈಗುಳಗಳು ಎಂದು ವಿಂಗಡಿಸಿ, ಭಾರಿ ಸಂಶೋಧಕಿಯ ಗತ್ತಿನಲ್ಲಿ ಹಾಳೆಗಳನ್ನು ಹಿಡಿದು ಭಾನುವಾರ ಮನೆಗೆ ಬಂದೆ. ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅಮ್ಮ ಅಂಗಳದ ಈ ಕಡೆ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ನಡುವೆ ಚುಕ್ಕಿ. ನಾನು ಚುಕ್ಕಿಯ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ವಿಷಯ ಹೇಳಿದೆ.

ಅಮ್ಮನ ಕುಡುಗೋಲು ನಿಂತಿತು. "ಮನೆ ಮಾತನ್ನೆಲ್ಲಾ ಕಾಲೇಜಿಗೆ ಒಯ್ತೀಯಾ? ಮಾನ ಮರ್ಯಾದೆ ಬೇಡ್ವಾ ನಿಂಗೆ?"

ಅಜ್ಜಿ ನನ್ನ ಕಡೆ ನೋಡದೆ, "ಚುಕ್ಕಾ, ಚದುವುಕುಂಟೇ ಇಂತೇನೇ," ಎಂದಳು. ಓದಿದರೆ ಇಷ್ಟೇ ಕಣೇ ಎಂದು ಅರ್ಥ.

ಆ ವಿಷಯದಲ್ಲಿ ಅತ್ತೆ ಸೊಸೆ ಒಂದಾದರು ನೋಡಿ. ಆದರೂ ಓದುತ್ತೇನೆ, ಕೇಳಿ ಆಮೇಲೆ ಬೇಡವೆನ್ನಿ ಎಂದೆ. ಕಾಫಿಯದ್ದು ಓದಿದೆ. ಅಜ್ಜಿಯ ಬೊಚ್ಚು ಬಾಯಿ ಸ್ವಲ್ಪ ಅಗಲವಾಯಿತು. ಉಕ್ಕುವ ಹಾಲಿನದ್ದು ಓದಿದೆ. ಅಮ್ಮ ಸೊಪ್ಪಿನ ಕಡೆಗೆ ಮುಖ ತಗ್ಗಿಸಿದಳು. ಹಾಗೆಯೇ ಬೈಗುಳಗಳ ಭಾಗಕ್ಕೆ ಬಂದು ಓದಿದೆ: "ಕೋಡಲು ಲೇಸಿ ತಿರಿಗಿತೇ... ಮಿಕ್ಕಿದ್ದು ಕೇಳಿಸಿಲ್ಲ. ಸೊಸೆ ಎದ್ದು ತಿರುಗುವುದರ ಬಗ್ಗೆ ಅತ್ತೆಯ ಆಕ್ಷೇಪಣೆ." ಹಿಂದಿನ ಚಳಿಗಾಲದಲ್ಲಿ ಕೇಳಿದ ಮಾತು ಅದು. ಮಿಕ್ಕ ಅರ್ಧ ಬೋರ್‌ವೆಲ್ ಮೋಟಾರಿನ ಸದ್ದಿನಲ್ಲಿ ಮುಳುಗಿತ್ತು.

"ತಪ್ಪು," ಎಂದಳು ಅಮ್ಮ.

"ಏನು ತಪ್ಪು?"

"ಅದು ಬೈಗುಳ ಅಲ್ಲ ಕಣೇ. ನಂಗೆ ಜ್ವರ ಬಂದು ಮಲಗಿದ್ದೆನಲ್ಲ, ಆಗ ಹೇಳಿದ್ದು. 'ಕೋಡಲು ಲೇಸಿ ತಿರಿಗಿತೇನೇ ಇಂಟಿಕಿ ಕಳ.' ಸೊಸೆ ಎದ್ದು ಓಡಾಡಿದ್ರೇನೇ ಮನೆಗೆ ಕಳೆ ಅಂತ. ಸರಿಯಾಗಿ ಬರ್ಕೋ."

ಅಮ್ಮನ ಬಾಯಲ್ಲಿ ಅಷ್ಟು ಚೊಕ್ಕ ತೆಲುಗು ನಾನು ಕೇಳಿದ್ದು ಅದೇ ಮೊದಲು. ಅಜ್ಜಿಯ ಕೈಯಲ್ಲಿ ಹುಣಸೆಹಣ್ಣು ಹಾಗೇ ಉಳಿಯಿತು. ಅವಳು ಹಸುವಿನ ಕಡೆ ನೋಡಲಿಲ್ಲ, ನೆಟ್ಟಗೆ ಅಮ್ಮನನ್ನೇ ನೋಡಿದಳು.

"ವಿನ್ನಾವಾ?" ಕೇಳಿಸಿಕೊಂಡೆಯಾ?

"ಕಿವಿ ನಂಗೂ ಇದೆ, ಅತ್ತೆ."

ಆಮೇಲೆ ಅಜ್ಜಿ, ಹಾಗಾದರೆ ನುಗ್ಗೆ ಮರ ಕಡಿಯುವಾಗ ಆ ಕಿವಿ ಎಲ್ಲಿತ್ತು ಎಂದು ತೆಲುಗಿನಲ್ಲಿ ಕೇಳಿದಳು. ಕಂಬಳಿಹುಳ ನಿಮ್ಮ ಸೀರೆ ಮೇಲೂ ಬೀಳ್ತಿತ್ತು ಎಂದು ಅಮ್ಮ ಕನ್ನಡದಲ್ಲಿ ಹೇಳಿದಳು. ಕೊಂಬೆ ಮತ್ತೆ ಚಿಗುರಿದೆ, ನೀನು ನೋಡಲೇ ಇಲ್ಲ ಎಂದು ಅಜ್ಜಿ. ನೋಡಿದೀನಿ, ದಿನಾ ನೀರು ಹಾಕ್ತಿರೋದು ಯಾರು ಅನ್ಕೊಂಡಿದೀರ ಎಂದು ಅಮ್ಮ. ಅವರವರ ಭಾಷೆಯಲ್ಲೇ, ಒಂದಕ್ಕೊಂದು ಕೊಂಡಿ ಹಾಕಿಕೊಂಡಂತೆ, ಸಂಜೆಯವರೆಗೂ ಮುಖಾಮುಖಿ ಜಗಳ ನಡೆಯಿತು. ನನ್ನನ್ನು ಇಬ್ಬರೂ ಮರೆತರು. ಒಪ್ಪಿಗೆ ಸಿಕ್ಕಿದ್ದು ದೀಪ ಹಚ್ಚುವ ಹೊತ್ತಿಗೆ. "ಬರ್ಕೋ ಹೋಗು. ಆದ್ರೆ ಅಜ್ಜಿ ಮಾತೆಲ್ಲಾ ಮೊದಲು ನಂಗೆ ತೋರಿಸು. ನಿನ್ನ ತೆಲುಗು ಯಾತಕ್ಕೂ ಸಾಲ್ದು," ಎಂದಳು ಅಮ್ಮ. ಅಜ್ಜಿ ಹೌದೆಂದು ತಲೆಯಾಡಿಸಿದಳು.

ಆ ಮೇಲೆ ಮನೆ ಶಾಂತವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗದ್ದಲ ಹೆಚ್ಚಾಯಿತು. "ಮುಂಚೇನೇ ವಾಸಿ ಇತ್ತಲ್ಲಾ," ಎಂದು ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಟೊಮೆಟೊ ತೋಟಕ್ಕೆ ಹೋಗಿಬಿಡುತ್ತಿದ್ದ. ನಾನು ಮಾತ್ರ ವರ್ಷವೆಲ್ಲ ಊರೂರು ಸುತ್ತಿ ಕುರಿ, ಕೋಳಿ, ಎತ್ತು, ನಾಯಿಗಳ ಎದುರು ಕೂತು ಮನುಷ್ಯರ ಮಾತು ಬರೆದುಕೊಂಡೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರು ನಗು ತಡೆದುಕೊಂಡು ಕೇಳಿದರು: "ಅಲ್ಲಮ್ಮ, ಕೊನೆಗೂ ಹಸುವಿಗೆ ಅರ್ಥವಾಗೋದು ಯಾವ ಭಾಷೆ?" "ಹುಲ್ಲು ಹಾಕೋರ ಭಾಷೆ ಸಾರ್," ಎಂದೆ. ಬೈಂಡ್ ಆದ ಪ್ರತಿಯನ್ನು ಅಜ್ಜಿ ಬದುಕಿರುವ ತನಕ 'ಆವು ಪುಸ್ತಕಂ' ಎಂದೇ ಕರೆದಳು. ಹಸುವಿನ ಪುಸ್ತಕ. ನೆಂಟರು ಬಂದಾಗ ಅಮ್ಮನಿಂದ ಓದಿಸಿ, ತನ್ನ ಮಾತುಗಳನ್ನು ತಾನೇ ಮೊದಲ ಸಲ ಕೇಳುವಂತೆ ಕೇಳುತ್ತಿದ್ದಳು.

ಇಷ್ಟನ್ನು ನೆನೆಯುವಷ್ಟರಲ್ಲಿ ಭವ್ಯಳಿಗೆ ನಿಂತು ನಿಂತು ಕಾಲು ನೋವು ಬಂದಿರಬೇಕು. ಕುರ್ಚಿ ತೋರಿಸಿದೆ. ನಿಜ ಹೇಳುತ್ತೇನೆ, ಸುಲಭವಾದೊಂದು ವಿಷಯ ಸೂಚಿಸಿ ಬಸ್ಸಿಗೆ ಓಡುವುದೇ ಈಚೆಗೆ ನನ್ನ ಅಭ್ಯಾಸ. ಆದರೆ ಅಂದು ಚೀಲ ಕೆಳಗಿಟ್ಟು, "ನಿಮ್ಮನೇಲಿ ಏನ್ ವಿಶೇಷ?" ಎಂದು ಕೇಳಿದೆ.

"ಏನಿಲ್ಲ ಮೇಡಂ. ಅಪ್ಪ, ದೊಡ್ಡಪ್ಪ ಇಬ್ರೂ ಹೆಂಚಿನ ಫ್ಯಾಕ್ಟರಿಯಲ್ಲಿದ್ದೋರು. ಈಗಲೂ ಯಾರ ಮನೆಗೆ ಹೋದ್ರೂ ಹೆಂಚು ಬಡಿದು ನೋಡ್ತಾರೆ. ನಮಗೆ ನಾಚಿಕೆ ಆಗುತ್ತೆ."

"ಬಡಿದು ಏನ್ ನೋಡ್ತಾರೆ?"

"ಸದ್ದು. ಚೆನ್ನಾಗಿ ಬೆಂದಿದ್ರೆ ಒಂದು ಥರ, ಬೇಯದಿದ್ರೆ ಒಂದು ಥರ. ಒಂದೊಂದು ಸದ್ದಿಗೂ ಒಂದೊಂದು ಹೆಸರಿಟ್ಟಿದಾರೆ. ಅಪ್ಪ ಇಟ್ಟ ಹೆಸರು ದೊಡ್ಡಪ್ಪ ಒಪ್ಪಲ್ಲ. ಅದಕ್ಕೇ ಜಗಳ." ಅವಳು ಬೆರಳು ಮಡಿಸಿ ನನ್ನ ಮೇಜಿನ ಮೇಲೆ ಬಡಿದು, ಬಾಯಲ್ಲಿ ಆ ಸದ್ದು ಮಾಡಿ ತೋರಿಸಿದಳು. ಮಾಡುತ್ತಲೇ ತನಗೇ ನಗು ಬಂದು ನಿಲ್ಲಿಸಿದಳು.

ಎಷ್ಟೋ ವರ್ಷದಿಂದ ಹೆಂಚಿನ ಫ್ಯಾಕ್ಟರಿಗಳ ಈ ಊರಿಗೆ ದಿನಾ ಬಂದು ಹೋಗುತ್ತಿದ್ದೇನೆ. ತಲೆಯ ಮೇಲಿನ ಹೆಂಚಿಗೆ ದನಿಯಿದೆಯೆಂದು ನನಗೆ ಹೊಳೆದೇ ಇರಲಿಲ್ಲ. ಹೊರಗೆ ನನ್ನ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು.

"ಆ ಸದ್ದಿಗೆ ಅಪ್ಪ ಏನಂತಾರೆ, ದೊಡ್ಡಪ್ಪ ಏನಂತಾರೆ?" ಎಂದು ಕೇಳಿದೆ. "ನಿಧಾನವಾಗಿ ಹೇಳು. ನನಗೇನೂ ಆತುರವಿಲ್ಲ."