ಟಾರ್ಡಾಫ್ ಮನೆಯ ನೆಲದಡಿ

೧೯೮೩ರ ಏಪ್ರಿಲ್‌ನಲ್ಲಿ ಹ್ಯಾಲಿಫ್ಯಾಕ್ಸಿನ ಮೇಸ್ತ್ರಿ ವಿಲ್ಫ್ರೆಡ್ ಆಗ್ಡನ್ ಬಾರ್ಕರ್ ಬೀದಿಯ ಒಂಬತ್ತನೇ ನಂಬರ್ ಮನೆಯಲ್ಲಿ ನೆಲದ ಹಲಗೆಯೊಂದನ್ನು ಎತ್ತಿದ. ಅಣಬೆಯ ವಾಸನೆ ಮುಖಕ್ಕೆ ರಾಚಿತು. ಕೆಳಗಿನ ತೊಲೆಯನ್ನು ಬೆರಳಿನಿಂದ ಒತ್ತಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉದುರಿತು. ಹಿಂದಿನ ಗೋಡೆಗೆ ಟಾರ್ಚು ಬಿಟ್ಟ. ನೆಲದಡಿ ಗಾಳಿಯಾಡಲೆಂದು ಹಳಬರು ಇಟ್ಟಿದ್ದ ತೂತಿನ ಇಟ್ಟಿಗೆಗಳ ಆಚೆಗೆ ಗಟ್ಟಿ ಕಾಂಕ್ರೀಟು. ಗಾಳಿಯಿಲ್ಲದೆ ತೇವ ಕಟ್ಟಿ ಮರ ಕೊಳೆತಿತ್ತು. ಆ ಕಾಂಕ್ರೀಟು ಸುರಿದವನು ಅವನೇ. ಹನ್ನೆರಡು ವರ್ಷದ ಹಿಂದೆ ಈ ಮನೆಯ ಹಿಂಭಾಗಕ್ಕೆ ಅಡುಗೆಮನೆ ಸೇರಿಸಿದ್ದ.

ಗೊತ್ತಿಲ್ಲದೆ ಮಾಡಿದ ತಪ್ಪಲ್ಲ. ಹೊಸ ನೆಲ ಹಾಕುವ ಮೊದಲು ಹಳೇ ತೂತುಗಳಿಂದ ಹೊಸ ಗೋಡೆಯ ಹೊರಗಿನವರೆಗೆ ಪೈಪು ಎಳೆಯಬೇಕಿತ್ತು. ಅವತ್ತು ಪೈಪು ಬಂದಿರಲಿಲ್ಲ, ಕಾಂಕ್ರೀಟಿನ ಲಾರಿ ಬಂದು ನಿಂತಿತ್ತು. ಸುರಿಸಿಬಿಟ್ಟ. ನೋಡಲು ಬರುವವರ ಕಣ್ಣಿಗಿರಲಿ ಎಂದು ಹೊರಗೋಡೆಯಲ್ಲಿ ಮಾತ್ರ ಒಂದು ತೂತಿನ ಇಟ್ಟಿಗೆ ಕೂರಿಸಿದ್ದ.

ಆ ಮನೆಯನ್ನೇನೋ ಸರಿಮಾಡಿಕೊಟ್ಟ. ಆದರೆ ೧೯೭೧ರಲ್ಲಿ ಅದೇ ಬೀದಿಯಲ್ಲಿ ಇನ್ನೂ ಐದು ಅಡುಗೆಮನೆ ಕಟ್ಟಿದ್ದನಲ್ಲ! ಯಾವುದಕ್ಕೆ ಪೈಪು ಹಾಕಿದ್ದ, ಯಾವುದಕ್ಕೆ ಇಲ್ಲ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಊಟದ ಮಧ್ಯೆ ಎದ್ದು ಕಿಟಕಿಗೆ ಹೋಗಿ ನಿಲ್ಲುವನು, ಬಂದು ಕೂರುವನು, ಮತ್ತೆ ಏಳುವನು.

"ನಿನ್ನ ಕುರ್ಚಿಗೇನು ಮುಳ್ಳು ಬಂದಿದೆಯಾ?" ಎಂದಳು ಹೆಂಡತಿ ಡೊರೀನ್. "ಹೋಗಿ ನೋಡ್ಕೊಂಡು ಬಾ ಮಾರಾಯ. ಇಲ್ಲಿ ಕೂತು ನನ್ನ ತಲೆ ತಿನ್ನಬೇಡ."

ಉದ್ದನೆಯ ತಂತಿ ಹಿಡಿದು ಹಿತ್ತಿಲ ಓಣಿಗೆ ಹೋದ. ನಾಲ್ಕು ಮನೆಗಳಲ್ಲಿ ಹೊರಗೋಡೆಯ ತೂತಿನ ಇಟ್ಟಿಗೆಯ ಮೂಲಕ ತಂತಿ ಸರಾಗವಾಗಿ ಒಳಗೆ ಹೋಯಿತು. ಒಂದಕ್ಕೊಂದು ಅಂಟಿಕೊಂಡ ಆ ಸಾಲಿನ ಕೊನೆಯ ಮನೆಯಲ್ಲಿ ಗೇಣುದ್ದ ಹೋಗಿ ಟಕ್ಕೆಂದಿತು. ಇನ್ನೊಮ್ಮೆ ಚುಚ್ಚಿದ. ಟಕ್.

"ಇಲಿ ಹಿಡೀತಿದೀಯೇನೋ ವಿಲ್ಫ್ರೆಡ್?" ಬಾಗಿಲಲ್ಲಿ ಎಡ್ನಾ ಟಾರ್ಡಾಫ್ ನಿಂತಿದ್ದಳು. ಬಸ್ ಕಂಡಕ್ಟರಾಗಿ ನಿವೃತ್ತಳಾದ ಮುದುಕಿ. ದನಿ ಇನ್ನೂ ಹಾಗೇ ಇತ್ತು.

ಅವನು ಎದ್ದು ಟೋಪಿ ತೆಗೆದ. "ಮಿಸೆಸ್ ಟಾರ್ಡಾಫ್, ನಾನು ನಿಮಗೆ ಮೋಸ ಮಾಡಿದೀನಿ." ಏನನ್ನೂ ಮುಚ್ಚಿಡದೆ ಹೇಳಿದ. "ಅಡುಗೆಮನೆ ನೆಲ ಒಡೆದು ಪೈಪು ಹಾಕ್ತೀನಿ. ಖರ್ಚೆಲ್ಲ ನನ್ನದೇ."

ಅವಳ ಮುಖ ಬಿಗಿಯಿತು. "ಆ ಟೈಲ್ಸ್ ಹಾಕಿದ್ದು ನನ್ನ ಗಂಡ ಸ್ಟ್ಯಾನ್ಲಿ. ಹಾಕಿ ತಿಂಗಳಿಗೇ ಹೋಗಿಬಿಟ್ಟ. ಅದಕ್ಕೆ ಸುತ್ತಿಗೆ ತಗಲಿಸಿದರೆ ನೋಡು."

ಬಾಗಿಲು ಹಾಕಿಕೊಂಡಿತು. ವಿಲ್ಫ್ರೆಡ್ ಮನೆಗೆ ಹೋಗಲಾರದೆ ಹಿತ್ತಿಲಿಂದ ಬೀದಿಗೆ, ಬೀದಿಯಿಂದ ಹಿತ್ತಿಲಿಗೆ ಮೂರು ಸುತ್ತು ನಡೆದ. ಮೂರನೇ ಸುತ್ತಿಗೆ ಹೊಳೆಯಿತು: ಕೊನೆಯ ಮನೆಯಾದ್ದರಿಂದ ಪಕ್ಕದ ಗೋಡೆ ಪೂರ್ತಿ ಬಯಲಿಗಿದೆ. ಹಿಂದಿನ ದಾರಿ ಕಟ್ಟಿದ್ದರೇನು, ಗಾಳಿಯನ್ನು ಪಕ್ಕದಿಂದ ಬಿಡಬಹುದಲ್ಲ! ಹೋಗಿ ಮತ್ತೆ ಬಾಗಿಲು ತಟ್ಟಿದ.

"ಟೈಲ್ಸ್ ತಂಟೆಗೆ ಬರಲ್ಲ. ಪಕ್ಕದ ಗೋಡೆ ಕೊಡಿ, ಸಾಕು."

ಅವಳು ಹೊರಗೆ ಬಂದು ಆ ಗೋಡೆಯನ್ನೊಮ್ಮೆ ನೋಡಿದಳು. "ಸೋಮವಾರ ಬಾ."

ಸೋಮವಾರ ನಡುಮನೆಯ ಹಲಗೆ ಎತ್ತಿ ಟಾರ್ಚು ಬಿಟ್ಟ. ಮೂರು ತೊಲೆಗಳ ತುದಿ ಮೆತ್ತಗಾಗಿತ್ತು, ಮಿಕ್ಕವು ಗಟ್ಟಿಯಾಗಿದ್ದವು. ಕೆಟ್ಟ ತುದಿ ಕತ್ತರಿಸಿ ಹೊಸ ಮರ ಕೂಡಿಸಿದ. ಪಕ್ಕದ ಗೋಡೆ ಕೊರೆದು ನಾಲ್ಕು ತೂತಿನ ಇಟ್ಟಿಗೆ ಇಟ್ಟ. ಒಳಗಿನ ಅಡ್ಡಗೋಡೆಯಲ್ಲೂ ಗಾಳಿಗೆ ಕಂಡಿ ಬಿಟ್ಟ. ಮೂರು ದಿನ ಎಡ್ನಾ ಒಂದು ಲೋಟ ಚಹಾ ಕೂಡ ಕೊಡಲಿಲ್ಲ, ಅವನೂ ಕೇಳಲಿಲ್ಲ. ನಾಲ್ಕನೇ ದಿನ ಹೊಸ ಹಲಗೆಯ ಪಕ್ಕದಲ್ಲಿ ಸದ್ದಿಲ್ಲದೆ ಒಂದು ಮಗ್ ಬಂದು ಕೂತಿತು.

ನವೆಂಬರಿನಲ್ಲಿ ಎಡ್ನಾಳ ಫೋನು ಬಂತು.

"ವಿಲ್ಫ್ರೆಡ್, ಹಲಗೆ ಸಂದಿಯಿಂದ ಥಂಡಿ ಹೊಡೀತಿದೆ ಕಣೋ. ಕಾಲು ಮರಗಟ್ಟಿಹೋಗ್ತಿದೆ."

"ಹೊಡೀತಿದೆಯಾ? ನಿಜವಾಗ್ಲೂ?"

"ಇದರಲ್ಲಿ ಖುಷಿಪಡೋಕೆ ಏನಿದೆಯೋ ಪುಣ್ಯಾತ್ಮ?"

"ನೆಲದಡಿ ಗಾಳಿ ಆಡ್ತಿದೆ ಅಂತಾಯ್ತು. ದಪ್ಪನೆಯ ಕಾರ್ಪೆಟ್ ಹಾಸಿ, ಮಿಸೆಸ್ ಟಾರ್ಡಾಫ್," ಎಂದ ಅವನು. "ಶನಿವಾರ ನಾನೇ ಬಂದು ಹಾಸಿಕೊಡ್ತೀನಿ."