ವ್ಯಾಸಪೀಠ ಏರಿದ ಕಾದಂಬರಿ

ಸದಲಗಾದ ಗೌರಾಬಾಯಿಗೆ ತನ್ನ ಕೇಳುಗರ ಮೇಲೆ ಸಿಟ್ಟು ಬಾರದ ಮಧ್ಯಾಹ್ನವೇ ಇರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಓದುವ ಚಟವನ್ನು ಬಿಡಿಸುವುದು ಮಾತ್ರ ಯಾರಿಂದಲೂ ಆಗಿರಲಿಲ್ಲ. ಗಂಡ ವಿರುಪಾಕ್ಷಪ್ಪ ಕಬ್ಬಿನ ಕೆಲಸದ ಮೇಲೆ ಚಿಕ್ಕೋಡಿಗೆ ಹೋದಾಗಲೆಲ್ಲ ವಾಚನಾಲಯದಿಂದ ಒಂದು ಕಾದಂಬರಿ ತಂದುಕೊಡುತ್ತಿದ್ದ. ತಾನು ಕಾಲಿಡಲಾಗದ ಓಣಿಗಳಲ್ಲಿ, ತಾನು ಒಪ್ಪದ ಮನಸ್ಸುಗಳ ಒಳಗೆ ಸ್ವಲ್ಪ ಹೊತ್ತು ಕುಳಿತು ಬರುವ ದಾರಿ ಆಕೆಗೆ ಅದೊಂದೇ ಆಗಿತ್ತು.

ಎಂಬತ್ತೊಂಬತ್ತರ ಶ್ರಾವಣದಲ್ಲಿ ಮಠದ ಪುರಾಣಿಕರು ಹಾಸಿಗೆ ಹಿಡಿದು, ಊರಿನ ಪುರಾಣ ನಿಂತಿತು. ಅತ್ತೆ ಸಕ್ಕುಬಾಯಿ, "ಹೆಂಗೂ ಕುಂತ ಓದತಿ, ನಾಕ ಮಂದಿಗಿ ಕೇಳೂಹಂಗ ಓದ" ಎಂದಳು. ಗೌರಾಬಾಯಿ ಪಡಸಾಲೆಯಲ್ಲಿ ಕುಳಿತು, ಕೈಯಲ್ಲಿದ್ದ ಕಾದಂಬರಿಯನ್ನೇ ಓದತೊಡಗಿದಳು. ತಪ್ಪು ಆಗಿದ್ದು ಅದೇ ದಿನ. ಪುಸ್ತಕ ನೆಲಕ್ಕೆ ತಾಗಬಾರದೆಂದು ಅತ್ತೆ ಅದನ್ನು ವ್ಯಾಸಪೀಠದ ಮೇಲಿಟ್ಟಳು. ಆ ಮಡಚುವ ಮರದ ಪೀಠವನ್ನು ಏರಿದ್ದೆಲ್ಲ ಆ ಊರಿನಲ್ಲಿ ಪುರಾಣವೇ. ಮರುದಿನ ಹೆಂಗಸರು ಸುಲಿಯಲಿಕ್ಕೆ ಶೇಂಗಾದ ಬುಟ್ಟಿ ತಂದರು, ಜೊತೆಗೆ ದೀಪಕ್ಕೆ ಎಣ್ಣೆಯನ್ನೂ ತೆಂಗಿನಕಾಯಿಯನ್ನೂ ತಂದರು.

ಕಾದಂಬರಿಯ ನಾಯಕಿ ಭಾಗೀರತಿ. ಆಕೆಯ ಗಂಡ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆಂದು ಹೋದವನು ಮರಳಿರಲಿಲ್ಲ.

"ದೇವರ ಯಾವಾಗ ಬರ್ತಾನ?" ಎಂದು ಸಕ್ಕುಬಾಯಿ ಕೇಳಿದಳು.

"ಇದರಾಗ ದೇವರ ಬರೂದಿಲ್ರಿ."

"ಮತ್ತ ಆಕಿ ಕಷ್ಟಾ ಯಾರ ನೋಡಬೇಕ?"

"ನಾವ ನೋಡಬೇಕ್ರಿ. ಅದಕ್ಕ ಬರದಾರ."

"ನಮಗ ನಮ್ಮದ ನೋಡಾಕ ಪುರಸೊತ್ತಿಲ್ಲ!"

ಒಂದು ಅಧ್ಯಾಯ ಭಾಗೀರತಿಯ ಕಣ್ಣಿನಿಂದ, ಮುಂದಿನದು ಆಕೆಯ ಅತ್ತೆಯ ಕಣ್ಣಿನಿಂದ ಬರೆದದ್ದಾಗಿತ್ತು. ಅದಕ್ಕೂ ಹೆಂಗಸರಿಂದ ತಕರಾರು ಎದ್ದಿತು. "ನಿನ್ನಿ ಸೊಸಿ ಖರೇ ಅಂದಿ, ಇವತ್ತ ಅತ್ತಿ ಖರೇ ಅಂತಿ. ಒಮ್ಮೆ ಒಬ್ಬರದ ಹೇಳಿಬಿಡಬೇ."

"ಇಬ್ಬರದೂ ಖರೇರಿ."

"ಹಂಗ ನಡಿಯೂದಿಲ್ಲ" ಎಂದು ಸಕ್ಕುಬಾಯಿ ತೀರ್ಪು ಕೊಟ್ಟಳು. ಗೌರಾಬಾಯಿ ಹಲ್ಲು ಕಚ್ಚಿ ಪುಟ ತಿರುವಿದಳು.

ಭಾಗೀರತಿ ಬಸುರಿಯಾದಾಗ, ಗಂಡ ಯಾವಾಗಲೋ ಬಂದುಹೋಗಿರಬೇಕೆಂದು ಎಲ್ಲರೂ ತಾವೇ ತೀರ್ಮಾನಿಸಿದರು. ಹೊಸ್ತಿಲಾಚೆ ಮೆಟ್ಟಿಲ ಮೇಲೆ ಕುಳಿತ ಕೆಂಪವ್ವ ಮಾತ್ರ, "ಬಂದಿದ್ರ ಬಂದಾನಂತ ಬರೀತಿದ್ದಿಲ್ಲೇನ್ರಿ ಅಕ್ಕಾರ?" ಎಂದಳು. ಕುರಿ ಕಾಯುವ ಮನೆಯವಳು, ಆಕೆಯ ಜಾಗ ಹೊಸ್ತಿಲಿನ ಆಚೆಯೇ. ಆಕೆಯ ಗಂಡ ಕುರಿ ಹೊಡೆದುಕೊಂಡು ಘಟ್ಟದ ಕಡೆಗೆ ಹೋದವನು ವರ್ಷಗಳಾದರೂ ಬಂದಿರಲಿಲ್ಲ. ಆಕೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪುರಾಣದಲ್ಲಿ ಕೂಸು ಹುಟ್ಟುವ ದಿನ ತೊಟ್ಟಿಲು ಕಟ್ಟುವುದು ಪದ್ಧತಿ. ಹೆರಿಗೆಗೆ ತವರಿಗೆ ಬಂದು ದಿನ ತುಂಬಿದ್ದ ತನ್ನ ಮಗಳು ಲಕ್ಷ್ಮಿಬಾಯಿಗೆಂದು ತೊಳೆದಿರಿಸಿದ್ದ ತೊಟ್ಟಿಲನ್ನೇ ಸಕ್ಕುಬಾಯಿ ತೊಲೆಗೆ ಕಟ್ಟಿಸಿದಳು. ಗುಂಡುಕಲ್ಲಿಗೆ ಕುಪ್ಪಸದ ಖಣ ಸುತ್ತಿ, ಕೂಸೆಂದು ಅದರಲ್ಲಿ ಮಲಗಿಸಿದಳು.

"ಅತ್ತಿ, ಇದು ಪುರಾಣ ಅಲ್ರಿ" ಎಂದು ಗೌರಾಬಾಯಿ ಮತ್ತೆ ಹೇಳಿದಳು. ಮುಂದಿನ ಅಧ್ಯಾಯವನ್ನು ಆಕೆ ಆಗಲೇ ಓದಿದ್ದಳು.

"ಹುಟ್ಟೂದು ಕೂಸ ಹೌದಲ್ಲ? ಓದ ಸುಮ್ನ."

ಓದಿದಳು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಭಾಗೀರತಿ, ಇದು ನೂಲಿನ ಲಾರಿಯ ಡ್ರೈವರನದೆಂದು ಪಂಚರ ಎದುರೇ ಹೇಳಿದಳು. ಶೇಂಗಾ ಸುಲಿಯುವ ಸದ್ದು ನಿಂತಿತು.

"ತಡಿ" ಎಂದಳು ಸಕ್ಕುಬಾಯಿ. "ಅಲ್ಲಿ ಗಂಡ ಬಂದಿದ್ದ ಅಂತ ಓದ."

"ಹಂಗ ಬರದಿಲ್ರಿ."

"ಪುರಾಣಿಕರು ನಮಗ ಬ್ಯಾಡಾದ್ದ ಬಿಟ್ಟ ಓದತಾರ. ನಿನಗೇನ ಧಾಡಿ?"

"ನಾ ಒಂದಕ್ಷರಾ ಬಿಡೂದಿಲ್ರಿ. ಬಿಟ್ಟ ಓದೂದಾದ್ರ ಯಾಕ ಓದಬೇಕ?"

"ಹಂಗಾರ ಪುಸ್ತಕ ಮುಚ್ಚ. ನಾಳಿಂದ ನನ್ನ ಮನ್ಯಾಗ ಪುಸ್ತಕಾನ ಬರೂದ ಬ್ಯಾಡ."

ಆ ಮನೆಯಲ್ಲಿ ಸಕ್ಕುಬಾಯಿ ಬೇಡವೆಂದದ್ದು ಮತ್ತೆ ಹೊಸ್ತಿಲು ದಾಟಿದ್ದಿಲ್ಲ. ಗೌರಾಬಾಯಿ ಪುಸ್ತಕವನ್ನು ಫಟ್ಟನೆ ಮುಚ್ಚಿದಳು.

"ಆತ್ರಿ. ಹಂಗಾರ ತೊಟ್ಟಿಲಾ ಬಿಚ್ರಿ. ನಿಮ್ಮ ಕೈಲೆ ಬಿಚ್ರಿ."

ಎಲ್ಲರೂ ಲಕ್ಷ್ಮಿಬಾಯಿ ಮಲಗಿದ್ದ ಒಳಕೋಣೆಯ ಕಡೆ ನೋಡಿದರು. ಕಟ್ಟಿದ ತೊಟ್ಟಿಲನ್ನು ಜೋಗುಳ ಹಾಡದೆ, ಹೆಸರಿಡದೆ ಬಿಚ್ಚಿದರೆ ಮನೆಯ ಬಸುರಿಗೆ ಕೇಡೆಂದು ಸೊಸೆಗೆ ಕಲಿಸಿದವಳು ಸಕ್ಕುಬಾಯಿಯೇ. ಆಕೆಯ ಕೈ ಹಗ್ಗದವರೆಗೆ ಹೋಗಿ ಹಿಂದೆ ಬಂತು.

"ಎಂಥಾ ಪುಸ್ತಕ ತಂದ ಇಟ್ಟಿಯೇ ಮನ್ಯಾಗ! ಹಾಡ್ರೆ ಯಾರರೆ!"

ಜೋಗುಳ ಮುಗಿಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ತಂದೆಯ ಅಕ್ಕನೋ ತಂಗಿಯೋ ಆಗಬೇಕು.

"ಲಾರಿ ಡ್ರೈವರನ ಅಕ್ಕನ್ನ ಎಲ್ಲಿಂದ ತರೂದವಾ?" ಎಂದು ಯಾರೋ ನಕ್ಕರು. ಅಂಥವನ ಅಕ್ಕನಾಗಲು ಯಾರೂ ಏಳಲಿಲ್ಲ. ಏಳದೆ ತೊಟ್ಟಿಲು ಇಳಿಯುವಂತಿರಲಿಲ್ಲ.

ಕೆಂಪವ್ವ ಮಡಿಲಿನ ಶೇಂಗಾಸಿಪ್ಪೆ ಕೊಡವಿ ಎದ್ದಳು. "ನಾ ಆಗತೀನ್ರಿ ಅವನ ಅಕ್ಕ."

ಸಕ್ಕುಬಾಯಿ ಸರಿದು ದಾರಿ ಬಿಟ್ಟಳು. ಕೆಂಪವ್ವ ಹೊಸ್ತಿಲು ದಾಟಿ ಬಂದು, ತೊಟ್ಟಿಲಿಗೆ ಬಾಗಿ, ತಮ್ಮ ಕುರಿಗಾರರ ದೇವರ ಹೆಸರನ್ನೇ ಹಿಡಿದು, "ಮಲಕಾರಿ" ಎಂದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದುವುದೂ ಪದ್ಧತಿ. ಎಲ್ಲರೂ ಗುದ್ದಿದರು, ಸಕ್ಕುಬಾಯಿಯ ಗುದ್ದಿಗೆ ಬಲ ಜಾಸ್ತಿ.

"ಸಾಕ್ರಬೇ, ಬೆನ್ನ ಮುರದ ಹೋತ!" ಎಂದು ಕೆಂಪವ್ವ ನಕ್ಕಳು. ಬೇಯಿಸಿದ ಕಾಳಿನ ಗುಗ್ಗರಿಯನ್ನು ಎಲ್ಲರಿಗೂ ಹಂಚಿದರು.

ಹೆಸರಿಟ್ಟ ಮೇಲೆ ಪುರಾಣವನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಮರುದಿನ ಗೌರಾಬಾಯಿ, ಗೆದ್ದವಳ ಗತ್ತಿನಲ್ಲಿ, ಮುಂದಿನ ಅಧ್ಯಾಯ ತೆರೆದಳು. "ಸುಧಾಕರನಿಗೆ ಮೊದಲ ಹಲ್ಲು ಮೂಡಿತು..."

"ಯಾರಂವ ಸುಧಾಕರ?" ಎಂದಳು ಸಕ್ಕುಬಾಯಿ.

"ಅದ ಕೂಸರಿ. ಪುಸ್ತಕದಾಗ ಅದರ ಹೆಸರ..."

"ಹೆಸರ ನಿನ್ನಿ ಇಟ್ಟಾತಲ್ಲ! ಗುಗ್ಗರಿ ನೀನೂ ತಿಂದೀಯಿಲ್ಲೊ?"

"ಅತ್ತಿ, ಒಂದಕ್ಷರಾನೂ..." ಎನ್ನುತ್ತ ಗೌರಾಬಾಯಿ ತಲೆಯೆತ್ತಿದಳು. ಹೊಸ್ತಿಲಿನ ಈಚೆ ಕುಳಿತಿದ್ದ ಕೆಂಪವ್ವ ಸುಲಿಯುವುದನ್ನು ಬಿಟ್ಟು ಆಕೆಯನ್ನೇ ನೋಡುತ್ತಿದ್ದಳು.

ಗೌರಾಬಾಯಿ ಅಚ್ಚಾದ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, "ಮಲಕಾರಿಗೆ ಮೊದಲ ಹಲ್ಲು ಮೂಡಿತು" ಎಂದು ಓದಿದಳು.

"ಹಾಂ, ಈಗ ಖರೇ ಅನಸ್ತೈತಿ" ಎಂದಳು ಸಕ್ಕುಬಾಯಿ. ಇನ್ನೂ ಅರ್ಧ ಪುಸ್ತಕ ಬಾಕಿ ಇತ್ತು.