ಏರಿನಲ್ಲಿ ಹಿಡಿದ ಕಾಲು

ಹನಮಪ್ಪನ ಎಡಗಾಲಿನ ಕಥೆ ಹೇಳದೆ ಅವನ ಗಾಡಿಯ ಕಥೆ ಹೇಳಲು ಬರುವುದಿಲ್ಲ. ಮೆಣಸಗಿಯ ಹೊಳೆದಂಡೆಯಲ್ಲಿ ಹುಟ್ಟಿದ ಮನುಷ್ಯ. ಮೀಸೆ ಮೂಡುವ ಮುಂಚೆಯೇ ದುಡಿಯಲು ಗೋವಾಕ್ಕೆ ಹೋದ. ಅಲ್ಲಿ ಕಲ್ಲು ಹೊತ್ತ, ಲಾರಿಯ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ. ಅದಿರಿನ ಲಾರಿ, ಸಿಮೆಂಟಿನ ಲಾರಿ, ಕೊನೆಗೆ ಒಬ್ಬ ಗುತ್ತಿಗೆದಾರ ಸಾಹುಕಾರನ ಟಿಪ್ಪರು. ಘಟ್ಟದ ಏರಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಾಗ, ಬ್ರೇಕು ಮುಟ್ಟದೆ, ಕ್ಲಚ್ಚನ್ನು ಅರ್ಧಕ್ಕೆ ಒತ್ತಿ ಹಿಡಿದು, ತುಂಬಿದ ಲಾರಿಯನ್ನು ಇದ್ದಲ್ಲೇ ತೂಗಿ ನಿಲ್ಲಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಗೇಣು ಹಿಂದಕ್ಕಿಲ್ಲ, ಒಂದು ಗೇಣು ಮುಂದಕ್ಕಿಲ್ಲ. ನೋಡಿದವರು ಭೇಷ್ ಅಂದರು. ಭೇಷ್ ಅನ್ನುವವರಿಗೇನು, ನೋಯುವ ಮೊಣಕಾಲು ಅವರದಲ್ಲವಲ್ಲ. ಐವತ್ತರ ಹತ್ತಿರ ಬಂದಾಗ ಎಡ ಮೊಣಕಾಲು ಬಾತು ಗಡಿಗೆಯಾಯಿತು. ಇನ್ನು ಕ್ಲಚ್ ಒತ್ತಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದರು.

ರೋಣದ ಬಾಡಿಗೆ ಮನೆಗೆ ಬಂದು ಕುಳಿತ. ಹೆಂಡತಿ ಸಣ್ಣವ್ವ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುವಳು, ಇವನು ಕಟ್ಟೆಯ ಮೇಲೆ ಕಾಲು ಚಾಚಿ ಬಸ್ಸು ಎಣಿಸುವನು. ಸ್ಟೇರಿಂಗ್ ಹಿಡಿದ ಕೈಗೆ ಬೇರೆ ಏನು ಹಿಡಿಯಬೇಕೆಂದು ತಿಳಿಯದು. ಒಂದು ದಿನ ಸಣ್ಣವ್ವ, ಗಂಡಸು ಮನೆಯಲ್ಲಿ ಕೂತರೆ ಮನೆ ಸಣ್ಣದಾಗುತ್ತದೆ ಎಂದಳು. ಕುಟುಕಲು ಹೇಳಿದ ಮಾತಲ್ಲ, ಇದ್ದದ್ದನ್ನು ಹೇಳಿದಳು. ಅವನಿಗೂ ಹಾಗೇ ಅನ್ನಿಸಿತ್ತು.

ಆಗ ಗೋವಾದ ಸಾಹುಕಾರ ತನ್ನ ಹಳೆಯ ಡೀಸೆಲ್ ಜೀಪು ಮಾರುವವನಿದ್ದ. ಜೀಪೆಂದರೆ ಹಳೆಯ ಕಾಲದ್ದಲ್ಲ. ಎತ್ತರದ, ಅಗಲದ, ದೊಡ್ಡವರು ಓಡಾಡುವ ಗಾಡಿ. ಅದಕ್ಕೆ ಕ್ಲಚ್ಚೇ ಇರಲಿಲ್ಲ, ಗೇರು ತಾನಾಗಿಯೇ ಬದಲಾಗುತ್ತಿತ್ತು. ಹನಮಪ್ಪ ಹಿಂದುಮುಂದು ನೋಡದೆ ತಂದ. ಅದರ ಹಿಂದೆ ಕಟ್ಟಲು ನರಗುಂದದಲ್ಲಿ ಒಂದು ಟ್ರೇಲರ್ ಮಾಡಿಸಿದ: ದನ ಹತ್ತಲು ಸುಲಭವಾಗುವಂತೆ ನೆಲಕ್ಕೆ ಹತ್ತಿರದ ಹಲಗೆ, ಕಾಲು ಜಾರದಂತೆ ಮೇಲೆ ಜೋಳದ ಕಣಿಕೆಯ ಹಾಸು. ಸಂತೆಗೆ ಹೋಗುವ ಎಮ್ಮೆ, ದನದ ಡಾಕ್ಟರ ಹತ್ತಿರ ಹೋಗುವ ಆಕಳು, ಬೀಗರ ಮನೆಗೆ ಹೋಗುವ ಹೋರಿ, ಎಲ್ಲ ಇವನ ಟ್ರೇಲರಿನಲ್ಲೇ.

ಬಸ್‌ಸ್ಟ್ಯಾಂಡಿನ ಮಂದಿ, ಗೇರಿಲ್ಲದ ಗಾಡಿಯೂ ಹಲ್ಲಿಲ್ಲದ ಎತ್ತೂ ಒಂದೇ ಎಂದು ನಕ್ಕರು. ಗ್ಯಾರೇಜಿನ ಮದರಸಾಬ ಮಾತ್ರ ನಗಲಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಒಂದು ದುಂಡನೆಯ ಡಬ್ಬಿ ಇದೆ, ಕನ್ವರ್ಟರ್ ಅನ್ನುತ್ತಾರೆ. ಎಂಜಿನ್ ಆ ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗಾಲಿಯ ಕಡೆಯ ತಟ್ಟೆಯನ್ನು ತಿರುಗಿಸುತ್ತದೆ ಎಂದು ಕೈಯಲ್ಲಿ ಎರಡು ತಟ್ಟೆ ಹಿಡಿದು ತೋರಿಸಿದ. "ನಿನ್ನ ಎಡಗಾಲು ಮಾಡೂ ಕೆಲಸ ಇದು ಮಾಡ್ತೈತಿ ದೋಸ್ತ," ಎಂದ. ಹನಮಪ್ಪನಿಗೆ ಆ ಮಾತು ಭಾಳ ಹಿಡಿಸಿತು. ಅಂದಿನಿಂದ, ಕಣ್ಣಿಂದ ಎಂದೂ ನೋಡದ ಆ ಡಬ್ಬಿಯನ್ನು ಅವನು ನನ್ನ ಎಡಗಾಲು ಎಂದೇ ಕರೆದ. ಅದು ಇರುವ ತನಕ ತಾನು ಡ್ರೈವರ್, ಅದು ಹೋದರೆ ಮತ್ತೆ ಕಟ್ಟೆ. ಇದು ಅವನಿಗೂ ಗೊತ್ತು, ಸಣ್ಣವ್ವನಿಗೂ ಗೊತ್ತು.

ಅವನಿಗೊಂದು ಹೆಮ್ಮೆ ಇತ್ತು. ಹನಮಪ್ಪನ ಟ್ರೇಲರಿನಲ್ಲಿ ಒಂದು ಎಮ್ಮೆಯೂ ಮೊಣಕಾಲೂರಿಲ್ಲ ಎಂದು ಹೆಂಗಸರು ಸಂತೆಯಲ್ಲಿ ಆಡಿಕೊಳ್ಳುತ್ತಿದ್ದರು. ಬೇರೆಯವರು ಗಕ್ಕನೆ ಬ್ರೇಕ್ ಹಾಕಿ ದನದ ಮೋರೆ ಕಬ್ಬಿಣಕ್ಕೆ ಬಡಿಸುವರು. ಇವನು ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕನ್ನೇ ಮುಟ್ಟುತ್ತಿರಲಿಲ್ಲ. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹಿಡಿದು, ಗಾಡಿ ಹಿಂದೆಯೂ ಸರಿಯದಂತೆ ಮುಂದೆಯೂ ಹೋಗದಂತೆ ತೂಗುವನು. ಘಟ್ಟದ ವಿದ್ಯೆ. ಮಲಗಿದ ಕೂಸಿನ ತೊಟ್ಟಿಲು ಹಿಡಿದ ಹಾಗೆ ಗಾಡಿ ನಿಲ್ಲುವುದು, ಹಿಂದಿನ ಎಮ್ಮೆ ಮೆಲುಕು ಬಿಡುತ್ತಿರಲಿಲ್ಲ.

ಇಷ್ಟಕ್ಕೇ ಇದ್ದರೆ ಇನ್ನೊಂದಿಷ್ಟು ವರ್ಷ ನಡೆಯುತ್ತಿತ್ತೋ ಏನೋ. ಅಕ್ಕನ ಮಗ ಕನಕರಾಜ ಹುಬ್ಬಳ್ಳಿಯಿಂದ ಬಂದ. ಕಾರುಗಳಿಗೆ ಕಂಪ್ಯೂಟರ್ ಚುಚ್ಚಿ ಎಂಜಿನ್ನಿನ ಕಸುವು ಹೆಚ್ಚಿಸುವ ಅಂಗಡಿಯಲ್ಲಿ ಅವನ ಕೆಲಸ. ಅದಕ್ಕೆ ಟ್ಯೂನಿಂಗ್ ಎಂದು ಹೆಸರು. ಗಜೇಂದ್ರಗಡದ ಏರಿನಲ್ಲಿ ಎರಡು ಹೋರಿ ಹೇರಿದ ಗಾಡಿ ತಿಣುಕುವುದನ್ನು ನೋಡಿ ಅವನಿಗೆ ಮರುಕ ಬಂತು. ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ತಂದು ಏನೇನೋ ಒತ್ತಿದ. ಪ್ರೀತಿಯಿಂದಲೇ ಮಾಡಿದ, ಬೈಯುವ ಹಾಗಿಲ್ಲ. ಮರುದಿನ ಗಾಡಿ ಏರನ್ನು ಹಾರಿತು ಅನ್ನಬೇಕು. ಲಾರಿಯವರು ದಾರಿ ಬಿಟ್ಟರು. ಹನಮಪ್ಪನಿಗೆ ಮೊಣಕಾಲು ಸಹಿತ ಸಣ್ಣ ವಯಸ್ಸಿನದಾದಂತೆ ಕಂಡಿತು.

ಎಂಜಿನ್ನಿಗೆ ಹರೆಯ ಬಂತು, ನಡುವಿನ ಡಬ್ಬಿ ಮುದುಕನಾಗಿಯೇ ಉಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ಇದಕ್ಕೇ. ಕೆಲವು ವಾರಗಳಲ್ಲಿ ಗಾಡಿ ಓಟದ ನಡುವೆ ಜ್ವರ ಬಂದವರಂತೆ ನಡುಗತೊಡಗಿತು. ಏರು ಹತ್ತಿ ನಿಂತಾಗ ತಳ ಹತ್ತಿದ ಪಲ್ಯದಂಥ ಕಮಟು ವಾಸನೆ. ಹನಮಪ್ಪ ಮೊದಲು ಅದನ್ನು ಯಾರಿಗೂ ಹೇಳಲಿಲ್ಲ. ಮೊಣಕಾಲು ನೋಯಲು ಶುರುವಾದಾಗಲೂ ಹೇಳಿರಲಿಲ್ಲ. ಕೊನೆಗೆ ಮದರಸಾಬ ಗೇರಿನ ಎಣ್ಣೆ ತೆಗೆದು ನೋಡಿದ. ಕೆಂಪಗಿರಬೇಕಾದದ್ದು ಕುದಿಸಿದ ಚಹಾದ ಬಣ್ಣಕ್ಕೆ ಬಂದಿತ್ತು. ಹುಡುಗ ಮಾಡಿದ್ದನ್ನು ತೆಗೆಸು, ಎಣ್ಣೆ ತಂಪಾಗಲು ಬೇರೆ ಕೂಲರ್ ಹಾಕಿಸು, ಅಲ್ಲಿಯ ತನಕ ಟ್ರೇಲರ್ ಕಟ್ಟಬೇಡ ಎಂದು ಮೂರೂ ಮಾತು ಸ್ಪಷ್ಟವಾಗಿ ಹೇಳಿದ. ಹನಮಪ್ಪ ಹೂಂ ಅಂದ. ನಾಳೆ ಮಾಡಿಸಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಅಂತ ಸುಮ್ಮನೆ ಅನ್ನುತ್ತಾರೆಯೇ.

ಆ ವಾರವೇ ಇಟಗಿಯ ಗಾಳೆವ್ವನ ಫೋನು ಬಂತು. ಗಂಡ ತೀರಿದ ಮೇಲೆ ಒಂದು ಎಮ್ಮೆಯ ಹಾಲಿನ ಮೇಲೆ ಬದುಕಿದ ಹೆಂಗಸು. ಎಮ್ಮೆಗೆ ಕರು ಅಡ್ಡ ಬಿದ್ದಿದೆ, ಕೊಯ್ದು ತೆಗೆಯುವ ಡಾಕ್ಟರು ಗಜೇಂದ್ರಗಡದ ಗುಡ್ಡದಾಚೆ ಇದ್ದಾರೆ, ಮಂದಿಯ ಗಾಡಿಯಲ್ಲಿ ಕುಲುಕಿದರೆ ದಾರಿಯಲ್ಲೇ ಸಾಯುತ್ತದೆ ಎಂದಳು. ಹನಮಪ್ಪ ಒಲ್ಲೆ ಅನ್ನಲು ಬಾಯಿ ತೆರೆದ. ಬಾಯಿಂದ ಬಂದದ್ದು ಬಂದೆ ಯಕ್ಕಾ ಎಂಬ ಮಾತು. ಸಣ್ಣವ್ವ ಬಾಗಿಲಲ್ಲಿ ನಿಂತು ಅವನ ಮೋರೆಯನ್ನೇ ನೋಡಿದಳು, ತಡೆಯಲಿಲ್ಲ.

ಏರಿನ ನಡುಮಧ್ಯ ದಾರಿ ಕಟ್ಟಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ರೆಕ್ಕೆ ಹೊತ್ತ ಉದ್ದನೆಯ ಲಾರಿಯೊಂದು ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತ ನಿಂತಿತ್ತು. ಹಿಂದಿನ ಸೀಟಿನಲ್ಲಿ ಗಾಳೆವ್ವ ಕಿಟಕಿಯಿಂದ ಎಮ್ಮೆಯತ್ತ ಕತ್ತು ಚಾಚಿ ಕೂತಿದ್ದಳು. ಎಮ್ಮೆ ನರಳುತ್ತಿತ್ತು. ಹನಮಪ್ಪನ ಬಲಗಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಕೂತು ಗಾಡಿಯನ್ನು ತೂಗಿ ಹಿಡಿಯಿತು. ಹೊತ್ತು ಹೋಯಿತು, ರೆಕ್ಕೆ ಸರಿಯಲಿಲ್ಲ. ಕಮಟು ವಾಸನೆ ಎದ್ದಿತು. ಆಮೇಲೆ ಒಮ್ಮೆಲೇ ಎಂಜಿನ್ ಒದರಿತು, ಗಾಡಿ ಮಾತ್ರ ಹಿಂದಕ್ಕೆ ಜಾರಿತು. ಅವನು ಬ್ರೇಕು ತುಳಿದ. ಗಾಡಿ ನಿಂತು ಅವನು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಗಾಳೆವ್ವ ಕೆಳಗಿಳಿದು, ಯಾರೂ ಹೇಳದೆಯೇ, ದಾರಿಬದಿಯ ಎರಡು ಕಲ್ಲು ತಂದು ಗಾಲಿಗಳ ಹಿಂದೆ ಇಟ್ಟಿದ್ದಳು. ಚಕ್ಕಡಿಯ ಮನೆಯಲ್ಲಿ ಬೆಳೆದ ಹೆಂಗಸು. ಏರಿನಲ್ಲಿ ಎತ್ತು ನಿಂತರೆ ಮೊದಲು ಗಾಲಿಗೆ ಕಲ್ಲು, ಆಮೇಲೆ ಮಾತು.

ಹಿಂದಿನ ಟ್ರ್ಯಾಕ್ಟರಿನವರು ಟ್ರೇಲರನ್ನು ತಮ್ಮ ಗಾಡಿಗೆ ಕಟ್ಟಿಕೊಂಡು ಹೋದರು. ಎಮ್ಮೆ ಉಳಿಯಿತು, ಹೆಣ್ಣು ಕರು. ಹನಮಪ್ಪನ ಗಾಡಿಯನ್ನು ಇನ್ನೊಂದು ಟ್ರ್ಯಾಕ್ಟರು ಹಗ್ಗ ಹಾಕಿ ರೋಣದ ತನಕ ಎಳೆದು ತಂದಿತು. ಬಸ್‌ಸ್ಟ್ಯಾಂಡಿನ ಮಂದಿ ಎದ್ದು ನಿಂತು ನೋಡಿದರು. ಯಾರೂ ನಗಲಿಲ್ಲ. ಆ ಹೊತ್ತು ಅವರು ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮದರಸಾಬ ಬಿಚ್ಚಿ ನೋಡಿದ. ಎಣ್ಣೆ ಕಪ್ಪು, ಅದರಲ್ಲಿ ಲೋಹದ ಮಿನುಗು. ಕನ್ವರ್ಟರಿನೊಳಗೆ ಸುಟ್ಟು ಹೋಗಿತ್ತು. ಹೆಚ್ಚಿದ ಕಸುವು, ಹಿಂದಿನ ಭಾರ ಎರಡೂ ಸೇರಿ ಕೆಡಿಸಿದವು ನಿಜ. ಆದರೆ ಇಷ್ಟು ಲಗೂ ಹೀಗೆ ಬೇಯಬಾರದಾಗಿತ್ತು ಎಂದು ಅವನು ತಲೆ ಕೆರೆದುಕೊಂಡ. ಏರಿನಲ್ಲಿ ಗಾಡಿ ಹೇಗೆ ನಿಲ್ಲಿಸುತ್ತಿ ಎಂದು ಕೇಳಿದ. ಹನಮಪ್ಪ ಕಾಲು ಒತ್ತಿ ಹಿಡಿದು ತೋರಿಸಿ ಹೇಳಿದ, ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಗಾಲಿ ತಿರುಗದೆ ಎಂಜಿನ್ ಎಣ್ಣೆ ಕಡೆಯುತ್ತಿದ್ದರೆ ಆ ಬಿಸಿಯೆಲ್ಲ ಎಲ್ಲಿಗೆ ಹೋಗಬೇಕು? ಮದರಸಾಬ ಸುಟ್ಟ ಕನ್ವರ್ಟರನ್ನು ಅವನ ಮುಂದೆ ಉರುಳಿಸಿದ.

"ನಿನ್ನ ಎಡಗಾಲಿಗೆ ಏನ್ ಮಾಡಿದ್ದಿ, ಇದಕ್ಕೂ ಅದನ್ನ ಮಾಡೀಯಲ್ಲೊ ಹನಮಪ್ಪ," ಎಂದ. "ಒಂದ್ ಕ್ಷಣರೆ ಕಾಲು ಬಿಡಬಾರದೇನು?"

ಹನಮಪ್ಪ ಅಲ್ಲೇ ಹಳೆಯ ಟಯರಿನ ಮೇಲೆ ಕುಳಿತ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸುಟ್ಟದ್ದು ಕಣ್ಣ ಮುಂದೆಯೇ ಇತ್ತು. ಇಷ್ಟು ವರ್ಷ ದುಡಿದದ್ದೆಲ್ಲ ಹಿಡಿದು ನಿಲ್ಲುವುದರಲ್ಲೇ ಹೋಯಿತಲ್ಲ ಎಂದು ಅವನಿಗೆ ತಡೆಯಲಾರದಷ್ಟು ದಣಿವಾಯಿತು. ಮೈಯ ದಣಿವಲ್ಲ. ಇನ್ನು ಸಾಕು, ಗಾಡಿ ಗುಜರಿಗೆ ಹಾಕು ಎಂದುಬಿಟ್ಟ.

ಸಣ್ಣವ್ವ ಒಪ್ಪಲಿಲ್ಲ. ದುಡ್ಡು ಎಲ್ಲಿಂದ ಹುಟ್ಟಿತೆಂಬ ಮಾತು ಇಲ್ಲಿ ಬೇಡ, ಅದು ಎಲ್ಲರ ಮನೆಯ ಹಾಡೇ. ಕನಕರಾಜ ತಪ್ಪಿತಸ್ಥನ ಮೋರೆ ಹಾಕಿಕೊಂಡು ಬಂದು ಎಂಜಿನ್ನನ್ನು ಮೊದಲಿನಂತೆ ಮಾಡಿಕೊಟ್ಟ. ಹುಬ್ಬಳ್ಳಿಯಿಂದ ರಿಪೇರಿಯಾದ ಬೇರೆ ಕನ್ವರ್ಟರ್ ಬಂತು, ಕೂಲರ್ ಕೂತಿತು. ಮದರಸಾಬ ಕೀಲಿಕೈಯನ್ನು ಹನಮಪ್ಪನಿಗೆ ಕೊಡದೆ ಸಣ್ಣವ್ವನ ಕೈಗೆ ಕೊಟ್ಟ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕು, ನ್ಯೂಟ್ರಲ್ಲು, ಗಾಲಿಗೆ ಕಲ್ಲು. ಇನ್ನೊಮ್ಮೆ ಸುಟ್ಟುಕೊಂಡು ಬಂದರೆ ತಾನು ಮುಟ್ಟುವುದಿಲ್ಲ ಎಂದ. ಅಂದಿನಿಂದ ಸಣ್ಣವ್ವ ಕಳೆ ಕೆಲಸ ಬಿಟ್ಟು ಅವನ ಪಕ್ಕದ ಸೀಟಿನಲ್ಲಿ, ಕಾಲ ಬುಡದಲ್ಲಿ ಎರಡು ಕಲ್ಲು ಇಟ್ಟುಕೊಂಡು ಕೂತಳು.

ಮುಂದೆ ಗಾಳೆವ್ವನೇ ಮತ್ತೆ ಕರೆದಳು. ರಾಜೂರಿನಲ್ಲಿ ಮಗಳು ಬಾಣಂತಿ, ಅವಳಿಗೆ ಹಾಲಾಗಲೆಂದು ಅದೇ ಎಮ್ಮೆಯನ್ನು ಕರುವಿನ ಸಂಗಡ ಕಳಿಸಬೇಕಿತ್ತು. ಗುಡ್ಡದ ಏರಿನಲ್ಲಿ ಮತ್ತೆ ರೆಕ್ಕೆಯ ಲಾರಿ. ಹನಮಪ್ಪನ ಬಲಗಾಲು ಮತ್ತೆ ಆಕ್ಸಿಲರೇಟರ್ ಮೇಲೆ ಕೂತಿತು. ಸಣ್ಣವ್ವ ಕಲ್ಲು ಎತ್ತಿಕೊಂಡು ಬಾಗಿಲು ತೆರೆದಳು. ಅವನು ಕಾಲು ತೆಗೆದ, ಬ್ರೇಕು ತುಳಿದ, ಹ್ಯಾಂಡ್‌ಬ್ರೇಕ್ ಎಳೆದ. ಅವಳು ಇಳಿದು ಗಾಲಿಗಳ ಹಿಂದೆ ಕಲ್ಲು ಇಟ್ಟ ಮೇಲೆ ನ್ಯೂಟ್ರಲ್ಲಿಗೆ ಹಾಕಿ ಬ್ರೇಕು ಬಿಟ್ಟ. ಗಾಡಿ ಒಂದಿಷ್ಟು ಹಿಂದಕ್ಕೆ ಸರಿದು ಕಲ್ಲಿಗೆ ತಾಗಿ ಕುಲುಕಿ ನಿಂತಿತು. ಟ್ರೇಲರಿನಲ್ಲಿ ಧಡ್ ಎಂದು ಸಪ್ಪಳವಾಯಿತು. ಕನ್ನಡಿಯಲ್ಲಿ ನೋಡಿದ. ಎಮ್ಮೆ ಮುಂಗಾಲಿನ ಮೊಣಕಾಲೂರಿತ್ತು.

ಅವನ ಕಣ್ಣಲ್ಲಿ ನೀರು ಬಂತು. ನಾಳೆ ಸಂತೆಯಲ್ಲಿ ಹೆಂಗಸರು ಆ ಮಾತನ್ನು ಇನ್ನು ಆಡುವುದಿಲ್ಲ. ಸಣ್ಣವ್ವ ಹಿಂದಿನಿಂದ ಬಂದು ಕಿಟಕಿಯ ಹತ್ತಿರ ನಿಂತಳು, ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ಎದ್ದು ನಿಂತೈತ್ರಿ," ಎಂದಳು. "ಮೊಣಕಾಲೂರಿದ್ರ ಏನ್ ಸಾಯೂದಿಲ್ಲ. ನೀವೂ ಊರಿ ಎದ್ದೀರಲ್ಲ."

ಮುಂದಿನ ಲಾರಿ ಇನ್ನೂ ಸರಿದಿರಲಿಲ್ಲ. ಹನಮಪ್ಪ ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಸೀಟಿಗೆ ಒರಗಿದ. ದಾರಿ ತೆರೆಯುವ ತನಕ ಹಾಗೇ ಕೂತಿದ್ದ.